ಗದಿಗೆವ್ವನ ಬಾಯಿಗೆ ಏಳನೆಯ ಆವೃತ್ತಿ

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಮುರಿಯುವ ಹೆಂಗಸರ ಗುಂಪಿಗೆ ಮುಕಾದಮಳಾಗಿದ್ದ ಗದಿಗೆವ್ವನ ಬಾಯಿ ಮುಚ್ಚಿಸುವುದು ಅಲ್ಲಿನ ಯಾವ ದಲಾಲನಿಂದಲೂ ಆಗಿರಲಿಲ್ಲ. ಪಾರ್ಶ್ವವಾಯು ಒಂದೇ ಮುಂಜಾನೆಯಲ್ಲಿ ಮುಚ್ಚಿಸಿತು. ಅದನ್ನು ಮತ್ತೆ ತೆರೆಸಿದ್ದು ನುಡಿಗುಂಡಿ.

ನುಡಿಗುಂಡಿ ಎಂದರೆ ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರಿಸುವ ಹುಣಸೆಬೀಜದಷ್ಟು ದೊಡ್ಡ ಯಂತ್ರ. ಮಾತಾಡಬೇಕು ಎಂದುಕೊಂಡಾಗ ಮಿದುಳಿನಲ್ಲಿ ಏಳುವ ಮಿಡಿತಗಳನ್ನು ಹಿಡಿದು, ಕೊರಳಲ್ಲಿ ತೂಗುವ ಸಣ್ಣ ಸ್ಪೀಕರಿನಿಂದ ಅವರವರ ದನಿಯಲ್ಲೇ ಹೊರಡಿಸುತ್ತದೆ. ಆದರೆ ಯಾವ ಮಿಡಿತ ಯಾವ ಮಾತಿನದು ಎಂಬುದನ್ನು ಯಂತ್ರಕ್ಕೆ ಕಲಿಸಬೇಕು. ಆಸ್ಪತ್ರೆಯವರು 'ನೀರು' ಅಂದುಕೊಳ್ಳಿ, 'ಅನ್ನ' ಅಂದುಕೊಳ್ಳಿ ಎಂದು ತಿಂಗಳುಗಟ್ಟಲೆ ಹೇಳಿಕೊಟ್ಟರೂ ಗದಿಗೆವ್ವನ ಗುಂಡಿ ತುಟಿಪಿಟಿಕ್ಕೆನ್ನಲಿಲ್ಲ. ಕೊನೆಗೆ ನೋಡಲು ಬಂದ ಗೆಳತಿ ಹಜರತಬಿ, "ನಿನ್ನ ಗುಂಪು ಈಗ ನಾ ನಡಸಾಕತ್ತೀನಿ. ನಿನಗಿಂತ ಚಲೋ ನಡಸ್ತೀನಂತ, ಎಲ್ಲಾರೂ ಅಂತಾರ" ಎಂದಳು. ಗದಿಗೆವ್ವನ ಮೋರೆ ಕೆಂಪಗಾಯಿತು. ಸ್ಪೀಕರ್ ಗೊರಗೊರ ಎಂದು, "ಮೂಳ! ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಕಿರುಚಿತು. ಹಜರತಬಿ ಅಲ್ಲೇ ಕೂತು ಅತ್ತುಬಿಟ್ಟಳು.

ಅಂದಿನಿಂದ ಆ ಗುಂಡಿ ಕಲಿತದ್ದೆಲ್ಲ ಸಿಟ್ಟಿನಲ್ಲೇ. ಒಂದು ಲೋಟ ನೀರು ಕೇಳಬೇಕಾದರೂ ಗದಿಗೆವ್ವ ಒಳಗೊಳಗೆ ಒಂದಿಷ್ಟು ಕೆರಳಬೇಕು. ದಿನಾ ಬೆಳಿಗ್ಗೆ ಹಜರತಬಿ ಬಂದು, "ಇದೇನ ಚಹಾನೋ, ಬಾಂಡೆ ತೊಳದ ನೀರೋ?" ಎಂದು ಕೆಣಕುವುದು, ಗದಿಗೆವ್ವ ಅವಳ ಜನ್ಮ ಜಾಲಾಡುವುದು ಪದ್ಧತಿಯಾಯಿತು. ಓಣಿಯವರು ಇದಕ್ಕೆ 'ಗುಂಡಿ ಕಾಸೂದು' ಎನ್ನುತ್ತಿದ್ದರು. ಹಾಗೆ ಒಮ್ಮೆ ಕಾದರೆ ಸಂಜೆಯವರೆಗೆ ಅವಳ ಬಾಯಿಗೆ ತಡೆಯಿರಲಿಲ್ಲ, ಗೋದಾಮಿನ ಮುಕಾದಮಗಿರಿಯೂ ಅವಳ ಕೈಗೇ ಮರಳಿತು.

ಮಗಳು ಪ್ರಮೀಳಾ ಹುಬ್ಬಳ್ಳಿಯಲ್ಲಿ, ನುಡಿಗುಂಡಿ ಮಾಡುವ ಕಂಪನಿಯ ಸೇವಾ ಕೇಂದ್ರದಲ್ಲೇ ಎಂಜಿನಿಯರ್. ಅವಳು ಊರಿಗೆ ಬಂದಿದ್ದ ಒಂದು ಭಾನುವಾರ ಗುಂಡಿ ಕಾಸುವ ಕಾರ್ಯಕ್ರಮ ನಡೆದಿತ್ತು. "ನಿನ್ನ ನಾಲಿಗಿಗೆ ಬರೀ ಹಾಕಾಕ..." ಎನ್ನುತ್ತಿದ್ದ ಗದಿಗೆವ್ವನ ಮಾತು ತಟ್ಟನೆ ನಿಂತಿತು. ಅವಳ ಕೊರಳಿನಿಂದಲೇ ಯಾವನೋ ಗಂಡಸಿನ ನಯವಾದ ದನಿ ಹೊರಟಿತು: "ಮಾನ್ಯ ಗ್ರಾಹಕರೇ, ತಮ್ಮ ಸಾಧನದಲ್ಲಿರುವ ಮೂರನೆಯ ಆವೃತ್ತಿಗೆ ಈ ಮಾಸಾಂತ್ಯದಿಂದ ಸೇವೆ ಲಭ್ಯವಿರುವುದಿಲ್ಲ. ದಯವಿಟ್ಟು ಏಳನೆಯ ಆವೃತ್ತಿಗೆ ಪದಾರ್ಪಣೆ ಮಾಡಿ ಸೌಮ್ಯ ಸಂವಹನದ ಆನಂದವನ್ನು ಅನುಭವಿಸಿರಿ."

ಹಜರತಬಿ ಕೈಯಲ್ಲಿದ್ದ ಬಶಿಯ ಚಹಾವನ್ನು ಮೈಮೇಲೆ ಚೆಲ್ಲಿಕೊಂಡಳು. ಗದಿಗೆವ್ವ ಎರಡೂ ಕೈಯಿಂದ ಕೊರಳು ಹಿಡಿದುಕೊಂಡು ಮಗಳ ಕಡೆ ನೋಡಿದಳು. ತನ್ನ ಮನೆಯಲ್ಲಿ ಕೂತು, ತನ್ನ ಕೊರಳಿನಿಂದ, ಪರರ ಮಾತು ಕೇಳಬೇಕಾದ ಹೆಂಗಸಿನ ಮುಖವನ್ನು ಪ್ರಮೀಳಾ ಅಂದು ನೋಡಿದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾವ ಭಾಡ್ಯಾ ಅವ್ನು?" ಮಾತು ತಿರುಗಿ ಬಂದೊಡನೆ ಗದಿಗೆವ್ವ ಕೇಳಿದ ಮೊದಲ ಪ್ರಶ್ನೆ ಇದು. "ನನ್ನ ಗಂಟಲದಾಗ ಹೊಕ್ಕ ಮಾತಾಡಾಕ ಅವಂಗ ಯಾರ ಹೇಳ್ಯಾರ?"

"ನಮ್ಮ ಕಂಪನಿಯವ್ರವ್ವ."

"ನಿಮ್ಮ ಕಂಪನಿ!" ಎಂದಳು ಗದಿಗೆವ್ವ. ಮುಂದೆ ಬೈಯಲಿಲ್ಲ, ಅದೇ ಪ್ರಮೀಳೆಗೆ ಹೆಚ್ಚು ಚುಚ್ಚಿತು.

ಕಂಪನಿಯ ವ್ಯವಸ್ಥೆ ಹೀಗಿತ್ತು. ಪ್ರತಿ ಗುಂಡಿಯೂ ದಿನಕ್ಕೊಮ್ಮೆ ಕಂಪನಿಯ ಸರ್ವರಿಗೆ ತನ್ನ ಆವೃತ್ತಿ ಯಾವುದೆಂದು ಹೇಳಿ ಅನುಮತಿ ಪಡೆಯಬೇಕು. ಮಾಸಾಂತ್ಯದ ನಂತರ ಏಳು ಎನ್ನದ ಗುಂಡಿಗೆ ಅನುಮತಿ ಸಿಗುವುದಿಲ್ಲ, ಗುಂಡಿ ಮಲಗುತ್ತದೆ, ಮನುಷ್ಯ ಮೂಕನಾಗುತ್ತಾನೆ. ಹಳೆಯ ಗುಂಡಿಯಲ್ಲಿ ಏಳನೆಯ ಆವೃತ್ತಿ ಕೂರುವುದಿಲ್ಲವಾದ್ದರಿಂದ ಕಿವಿಯ ಹಿಂದೆ ಮತ್ತೆ ಕೊಯ್ದು ಹೊಸ ಗುಂಡಿ ಇಡಬೇಕು. ಹಳೆಯದು ಕಲಿತ ಮಾತು ಹೊಸದಕ್ಕೆ ಹೋಗುವುದಿಲ್ಲ. ಆದರೆ ಚಿಂತೆಯಿಲ್ಲ, ಹೊಸದು ಕಾರ್ಖಾನೆಯಿಂದಲೇ ತಿದ್ದಿತೀಡಿದ ಕನ್ನಡ ಕಲಿತುಕೊಂಡು ಬರುತ್ತದೆ.

ಆ ಕನ್ನಡ ಎಂಥದೆಂದು ಪ್ರಮೀಳಾ ಸೋಮವಾರವೇ ನೋಡಿದಳು. ಬಸ್ ಕಂಡಕ್ಟರಾಗಿದ್ದ ಯಂಕಪ್ಪನಿಗೆ ಹೊಸ ಗುಂಡಿ ಇಟ್ಟು ಪರೀಕ್ಷೆಗೆ ಕರೆತಂದಿದ್ದರು. ಹಳೆಯ ಗುಂಡಿಯಿದ್ದಾಗ ಕೇಂದ್ರಕ್ಕೆ ಬಂದರೆ "ಮುಂದಕ್ಕ ಸರೀರಿ, ಒಳಗ ಜಾಗಾ ಐತಿ" ಎಂದು ಕ್ಯೂ ನಡೆಸುತ್ತಿದ್ದ ಆಸಾಮಿ ಅವನು. ಈಗ ಏನೋ ಹೇಳಲು ತೊಡೆ ಗುದ್ದಿಕೊಂಡ, ಕತ್ತಿನ ನರ ಉಬ್ಬಿದವು. ಸ್ಪೀಕರಿನಿಂದ, "ತಮ್ಮೆಲ್ಲರ ಸಹಕಾರಕ್ಕೆ ವಂದನೆಗಳು. ಕೊಂಚ ನೀರು ದೊರೆಯಬಹುದೇ?" ಎಂದು ಬಂತು. ಯಂಕಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನೋಡ್ರಿ, ಎಷ್ಟ ಸಮಾಧಾನ ಆಗ್ಯಾರ ನಮ್ಮಪ್ಪಾರು" ಎಂದ ಅವನ ಮಗ, ಸಂತೋಷದಿಂದ.

ಪ್ರಮೀಳಾ ನೇರ ಮ್ಯಾನೇಜರ್ ಹುಯಿಲಗೋಳನ ಕೋಣೆಗೆ ಹೋದಳು. "ಸರ್, ಹಳೇ ಗುಂಡಿಯೊಳಗ ಒಂದು ವರ್ಚುವಲ್ ಮಷೀನ್ ಮಾಡಿ ಏಳನೇದನ್ನ ಅದರಾಗ ಕೂಡಸಬಹುದು. ಕೊಯ್ಯೂದ ಬ್ಯಾಡ."

ಹುಯಿಲಗೋಳನಿಗೆ ತಿಳಿಯದ್ದೇನಲ್ಲ. ವರ್ಚುವಲ್ ಮಷೀನ್ ಎಂದರೆ ನಿಜವಾದ ಯಂತ್ರದೊಳಗೆ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಯಂತ್ರ. ಹಳೆಯ ಆವೃತ್ತಿ ಮನೆಯ ಯಜಮಾನನಂತೆ ಹೋಸ್ಟ್ ಆಗಿ ಉಳಿಯುತ್ತದೆ, ಹೊಸದು ಅದರೊಳಗೆ ಗೆಸ್ಟ್ ಆಗಿ ಬಂದು ಕೂರುತ್ತದೆ, ತಾನೊಂದು ಬೇರೆಯೇ ಯಂತ್ರದಲ್ಲಿದ್ದೇನೆ ಎಂದು ನಂಬಿಕೊಂಡಿರುತ್ತದೆ. ಕಂಪನಿಯ ಲ್ಯಾಬಿನಲ್ಲೇ ದಿನಾ ಮಾಡುವ ಕೆಲಸ ಇದು.

"ಇನ್‌ಸ್ಟಾಲರ್ ಒಪ್ಪೂದಿಲ್ಲಬೇ" ಎಂದ ಹುಯಿಲಗೋಳ. "ಹಳೇ ಹಾರ್ಡ್‌ವೇರ್‌ಗೆ ಅದು ತಾಳೂದಿಲ್ಲ. ಸುಮ್ಮನ ತಲಿ ಕೆಡಿಸ್ಕೊಬ್ಯಾಡ. ನಿಮ್ಮವ್ವಗ ಸ್ಟಾಫ್ ಕೋಟಾದಾಗ ಹೊಸಾದು ಹಾಕಸೂಣು."

ಪ್ರಮೀಳಾ ಎದ್ದು ಹೊರಬಂದಳು. ಯಂಕಪ್ಪನ ಕಿವಿಯಿಂದ ತೆಗೆದು ಕಸದ ಡಬ್ಬಿಗೆ ಹಾಕಿದ್ದ ಹಳೆಯ ಗುಂಡಿಯನ್ನು ಎತ್ತಿಕೊಂಡು ತನ್ನ ಮೇಜಿಗೆ ಬಂದಳು. ಅದರೊಳಗೆ ಅವನ ಮಾತುಗಳೆಲ್ಲ ಇನ್ನೂ ಇದ್ದವು, ಆಡಲು ಯಂಕಪ್ಪನ ಮಿದುಳು ಮಾತ್ರ ಇರಲಿಲ್ಲ. ಅದರಲ್ಲಿ ವರ್ಚುವಲ್ ಮಷೀನ್ ಕಟ್ಟಿ ಏಳನೆಯ ಆವೃತ್ತಿಯನ್ನು ಹಚ್ಚಿದಳು. ಇನ್‌ಸ್ಟಾಲರ್ ಕಣ್ಣುಬಿಟ್ಟ ಕೂಡಲೇ, 'ಈ ಯಂತ್ರವು ಅರ್ಹವಲ್ಲ' ಎಂದು ಹೇಳಿ ಮುಚ್ಚಿಕೊಂಡಿತು.

ಯಾಕೆ ಅರ್ಹವಲ್ಲ? ಅವಳು ಇನ್‌ಸ್ಟಾಲರನ್ನೇ ಬಿಚ್ಚಿ ನೋಡಿದಳು. ವೇಗ ಕೇಳಿರಲಿಲ್ಲ, ಶಕ್ತಿ ಕೇಳಿರಲಿಲ್ಲ. ಹೊಸ ಗುಂಡಿಗಳಲ್ಲಿ ಮಾತ್ರ ಇರುವ ಒಂದು ಭದ್ರತಾ ಚಿಪ್ ಇದೆಯೇ ಎಂದು ಕೇಳುತ್ತಿತ್ತು. ಆ ಚಿಪ್ಪನ್ನು ಮುಂದೆ ಎಲ್ಲಿ ಬಳಸುತ್ತಾರೆಂದು ಹುಡುಕಿದಳು. ಎಲ್ಲೂ ಇಲ್ಲ! ಇದೆಯೋ ಇಲ್ಲವೋ ಎಂದು ಕೇಳುವುದು ಬಿಟ್ಟರೆ ಏಳನೆಯ ಆವೃತ್ತಿಗೆ ಅದರಿಂದ ಮೂರುಕಾಸಿನ ಕೆಲಸವಿರಲಿಲ್ಲ. ಇಷ್ಟಕ್ಕಾಗಿ ಜನರ ತಲೆ ಕೊಯ್ಯುತ್ತಿದ್ದಾರೆ. ಅವಳು ಮೇಜು ಗುದ್ದಿದ ರಭಸಕ್ಕೆ ಪಕ್ಕದವರು ತಿರುಗಿ ನೋಡಿದರು.

ವರ್ಚುವಲ್ ಮಷೀನಿನಲ್ಲಿ ಇಲ್ಲದ ಚಿಪ್ಪನ್ನು ಇದೆ ಎಂದು ತೋರಿಸುವುದು ಕಷ್ಟವಲ್ಲ. ತೋರಿಸಿದಳು. ಮುಂದೆ ಗುಂಡಿ ತಯಾರಾದ ವರ್ಷ ಕೇಳಿತು, ಹೋದ ವರ್ಷದ್ದು ಎಂದು ಎರಡನೆಯ ಸುಳ್ಳು ಹೇಳಿದಳು. ಇನ್‌ಸ್ಟಾಲರ್ ಗಪ್‌ಚುಪ್ ನಂಬಿ ಕೆಲಸಕ್ಕೆ ಕೂತಿತು. ಊಟದ ಹೊತ್ತಿಗೆ ಯಂಕಪ್ಪನ ಹಳೆಯ ಗುಂಡಿ ಸರ್ವರಿಗೆ 'ನಾನು ಏಳು' ಎಂದು ವರದಿ ಒಪ್ಪಿಸಿತ್ತು.

ರಜೆ ಹಾಕಿ, ಲ್ಯಾಪ್‌ಟಾಪ್ ಹೊತ್ತು ಅವಳು ಬ್ಯಾಡಗಿಗೆ ಬಂದಳು. ಓಣಿಯಲ್ಲಿ ಮೆಣಸಿನಕಾಯಿಯ ಘಾಟು ಎಂದಿನಂತೆ ಮೂಗಿಗೆ ಹತ್ತಿತು. ಗದಿಗೆವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ಯಂತ್ರಕ್ಕೆ ಹೇಳಿದ ಎರಡು ಸುಳ್ಳುಗಳ ಕತೆ ಹೇಳುತ್ತ ಕಿವಿಯ ಹಿಂದೆ ಕೇಬಲ್ಲಿನ ಬಿಲ್ಲೆ ಅಂಟಿಸಿದಳು. ಹಜರತಬಿ ಎದುರಿಗೆ ಕೂತಳು.

"ನೋವಾಗೂದಿಲ್ಲ ಅಲ್ಲ?"

"ಇಲ್ಲ ಖಾಲಾ. ಅವ್ವ, ನೀ ಮಾತಾಡಕೋತ ಇರು. ನಿಂತ್ರ ನನಗ ಗೊತ್ತಾಗ್ಬೇಕು."

"ಮಾತಾಡಂದ್ರ ಏನ್ ಮಾತಾಡ್ಲಿ? ಈಕಿ ನೋಡ, ಮುಂಜಾನಿಂದ ನನ್ನ ಮನ್ಯಾಗ ಮೂರ ಸಲಾ ತಿಂದಾಳ, ಇನ್ನೂ ಹೊಟ್ಟಿ..." ಎಂದು ಗದಿಗೆವ್ವ ಶುರುಮಾಡಿದಳು. ಪರದೆಯ ಮೇಲಿನ ಪಟ್ಟಿ ಅರ್ಧ ದಾಟಿದ್ದಾಗ ಆ ಮಾತು ಎಳೆದಾಡತೊಡಗಿತು. "ಹೊ... ಟ್ಟಿ..." ಎಂದು ದನಿ ದಪ್ಪಗಾಗಿ, ನಿಧಾನವಾಗಿ, ನಿಂತೇಹೋಯಿತು. ಗದಿಗೆವ್ವನ ತುಟಿ ಅಲುಗುತ್ತಿತ್ತು, ಕಣ್ಣು ದೊಡ್ಡವಾಗಿದ್ದವು. ಲಕ್ವ ಹೊಡೆದ ದಿನದ ಕಣ್ಣೇ ಅವು.

ಪ್ರಮೀಳಾ ಪರದೆಯತ್ತ ಬಗ್ಗಿದಳು. ಇನ್‌ಸ್ಟಾಲರ್ ಕಡ್ಡಾಯ ಎಂದು ಕೇಳಿದಷ್ಟು ಮೆಮೊರಿಯನ್ನು ಅವಳು ಗೆಸ್ಟಿಗೆ ಧಾರಾಳವಾಗಿ ಕೊಟ್ಟಿದ್ದಳು. ಮೇಜಿನ ಮೇಲಿದ್ದ ಯಂಕಪ್ಪನ ಗುಂಡಿಗೆ ಮಾತಾಡುವ ಕೆಲಸವಿರಲಿಲ್ಲ, ತಾಳಿಕೊಂಡಿತ್ತು. ಇಲ್ಲಿ ಹೋಸ್ಟಿಗೆ ಉಸಿರಾಡಲು ಜಾಗ ಉಳಿದಿರಲಿಲ್ಲ. ಗೆಸ್ಟನ್ನು ನಿಲ್ಲಿಸಿ, ಅದಕ್ಕೆ ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲನ್ನು ಕಿತ್ತುಕೊಂಡು, "ಇದು ಮೂರನೇ ಸುಳ್ಳವ್ವ" ಎನ್ನುತ್ತ, ಕೇಳಿದರೆ ಎಲ್ಲ ಇದೆ ಎಂದು ಹೇಳುವಂತೆ ಅದನ್ನೂ ಕಲಿಸಿ ಮತ್ತೆ ಹಚ್ಚಿದಳು. ಕಾಲುಭಾಗದಲ್ಲಿ ಏಳನೆಯ ಆವೃತ್ತಿ ಹಾಯಾಗಿ ನಡೆಯಿತು. ಕಡ್ಡಾಯವಂತೆ ಕಡ್ಡಾಯ!

"...ಹೊಟ್ಟಿ ತುಂಬಿಲ್ಲ ಈಕೀದು" ಎಂದು ಗದಿಗೆವ್ವ ಬಿಟ್ಟಲ್ಲಿಂದಲೇ ಮುಗಿಸಿದಳು. ಹಜರತಬಿ ನಕ್ಕು ಕಣ್ಣೊರೆಸಿಕೊಂಡಳು.

ಕೈಪಿಡಿಯ ಪ್ರಕಾರ ಈಗ ಮಾತಿನ ಕೆಲಸವನ್ನು ಏಳನೆಯ ಆವೃತ್ತಿಗೆ ಒಪ್ಪಿಸಬೇಕು. ಪ್ರಮೀಳಾ ಒಪ್ಪಿಸಿದಳು. ಕಂಪನಿಯ ಮಾದರಿ ಮಿಡಿತ ಕೊಟ್ಟು ನೋಡಿದಳು, 'ಶುಭೋದಯ' ಎಂದಿತು. ಹಜರತಬಿ ಗಂಟಲು ಸರಿಮಾಡಿಕೊಂಡು, "ನೀ ಮಾಡಿದ ರೊಟ್ಟಿ ನಿನ್ನೆ ನಮ್ಮ ನಾಯೀನೂ ಮೂಸಲಿಲ್ಲ" ಎಂದು ಕೆಣಕಿದಳು. ಗದಿಗೆವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನಷ್ಟು ಸಿಟ್ಟಿಗೆದ್ದಳು, ಆಗಲೂ ಇಲ್ಲ. ಪರದೆಯ ಮೇಲೆ, 'ಅತಿ ಪ್ರಬಲ ಸಂಕೇತ. ಬಳಕೆದಾರರ ಹಿತದೃಷ್ಟಿಯಿಂದ ತಡೆಹಿಡಿಯಲಾಗಿದೆ' ಎಂಬ ಸಾಲು ಒಂದರ ಕೆಳಗೊಂದು ಬೀಳುತ್ತಿತ್ತು. ಅವಳು ಕೆರಳಿದಷ್ಟೂ ಯಂತ್ರ ಬಾಯಿ ಒತ್ತಿ ಹಿಡಿಯಿತು. ಗದಿಗೆವ್ವ ಚಹಾದ ಬಶಿಯನ್ನು ಎತ್ತಿ ಗೋಡೆಗೆ ಬಡಿದಳು. ಬಶಿ ಒಡೆಯಿತು, ಆ ಸದ್ದೊಂದೇ ಅವಳಿಗೆ ಉಳಿದ ಮಾತಾಗಿತ್ತು.

ಪ್ರಮೀಳಾ ಮಾತನ್ನು ಹಳೆಯ ಆವೃತ್ತಿಗೇ ಮರಳಿಸಿ, ಹೊರಗೆ ಬಂದು ಹುಯಿಲಗೋಳನಿಗೆ ಫೋನ್ ಹಚ್ಚಿದಳು.

"ಸರ್, ಏಳನೇದು ಸಿಟ್ಟಿನ ಮಿಡಿತ ಕಟ್ ಮಾಡ್ತೈತಿ. ಇದು ದೋಷ ಏನ್ರಿ?"

"ದೋಷ ಅಲ್ಲಬೇ, ಅದು ಸೌಲಭ್ಯ. ಸೌಮ್ಯ ಸಂವಹನ. ಭಾಳ ಮಂದಿ ಕೇಳಿದ್ರು."

"ಯಾರ ಕೇಳಿದ್ರು? ಗುಂಡಿ ಹಾಕ್ಕೊಂಡವ್ರ ಕೇಳಿದ್ರ?"

"ಅವ್ರ ಮನಿಯವ್ರು ಕೇಳ್ಯಾರ. ರೊಕ್ಕಾ ಕೊಡವ್ರು ಅವ್ರ ಅಲ್ಲೇನು? ಮುದುಕ್ರು ಮನ್ಯಾಗ ಬೈಕೋತ ಕುಂದ್ರೂದು ಯಾರಿಗೆ ಬೇಕಾಗೇತಿ ಹೇಳು."

"ಅಂದ್ರ ಬಾಯಿ ಒಬ್ರದು, ಒಪ್ಪಿಗಿ ಇನ್ನೊಬ್ರದು!"

"ನೀ ಹಿಂಗ ಒದರಿದ್ರ ನಿನಗೂ ಒಂದ ಹಾಕ್ಬೇಕಾಗ್ತದ ನೋಡ" ಎಂದು ಹುಯಿಲಗೋಳ ನಕ್ಕ. ಅದು ಅವನಿಗೆ ನಿಜವಾಗಿಯೂ ತಮಾಷೆಯಾಗಿತ್ತು. ಪ್ರಮೀಳಾ ಫೋನ್ ಇಟ್ಟಳು. ಯಂಕಪ್ಪನ ಮಗನ ಸಂತೋಷದ ಮುಖ ನೆನಪಾಗಿ ಅವಳಿಗೆ ಹೇಸಿಗೆಯೆನಿಸಿತು. ಇಷ್ಟು ವರ್ಷ ತಾನು ಸಂಬಳ ತೆಗೆದುಕೊಂಡು ಕೂತಿದ್ದ ಜಾಗ ಯಾವುದೆಂದು ಆಗ ಹೊಳೆಯಿತು. ಸಿಟ್ಟಿನಲ್ಲಿ ಕೈಪಿಡಿಯನ್ನು ಮುಚ್ಚಿದಳು, ಮುಚ್ಚಿದ ಮೇಲೆ ದಾರಿ ಸರಳವಾಗಿ ಕಂಡಿತು.

ಬಂದ ಅತಿಥಿಗೆ ಅಡುಗೆಮನೆ ಯಾಕೆ ಬಿಟ್ಟುಕೊಡಬೇಕು? ಪಡಸಾಲೆಯಲ್ಲಿ ಕೂರಲಿ, ಯಾರಾದರೂ ಬಂದು ಕೇಳಿದರೆ ಉತ್ತರ ಹೇಳಲಿ, ಸಾಕು. ಮಾತೆಲ್ಲವನ್ನೂ ಹಳೆಯ ಹೋಸ್ಟಿನಲ್ಲೇ ಉಳಿಸಿ, ಸರ್ವರಿಗೆ ದಿನಕ್ಕೊಮ್ಮೆ 'ನಾನು ಏಳು' ಎನ್ನುವ ಕೆಲಸವನ್ನಷ್ಟೇ ಗೆಸ್ಟಿಗೆ ಕೊಟ್ಟಳು. ಎರಡರ ನಡುವಿನ ಕಿಟಕಿಗಳನ್ನೆಲ್ಲ ಮುಚ್ಚಿದಳು. ಪಟ್ಟಿ ತುಂಬಿತು, ಹಸಿರು ಬರಬೇಕು. ಬರಲಿಲ್ಲ.

'ಕೊನೆಯ ಹಂತ' ಎಂದಿತು ಪರದೆ. 'ಬಳಕೆದಾರರು ಸ್ವತಃ ಒಪ್ಪಿದ್ದೇನೆ ಎಂದು ನುಡಿಯತಕ್ಕದ್ದು.'

ಇದೊಂದಕ್ಕೆ ಗೆಸ್ಟಿಗೆ ಮಿಡಿತದ ಕಿಟಕಿ ತೆರೆಯಲೇಬೇಕಿತ್ತು, ಅದು ತಾನೇ ಕಿವಿಗೊಟ್ಟು ಕೇಳುತ್ತಿತ್ತು. ಯಂಕಪ್ಪನ ಗುಂಡಿಯಲ್ಲಿ ಕೇಳಿರಲಿಲ್ಲ, ಅವನ ಹೊಸ ಗುಂಡಿಯ ಹೆಸರಿನಲ್ಲಿ ಒಪ್ಪಿಗೆ ಆಗಲೇ ದಾಖಲಾಗಿತ್ತು. ಇಲ್ಲಿ ಗದಿಗೆವ್ವನ ಮಿದುಳಿನ ಜೀವಂತ ಮಿಡಿತವೇ ಬೇಕಿತ್ತು. ಇದನ್ನು ತಪ್ಪಿಸುವ ದಾರಿಯನ್ನೂ ಹುಡುಕಬಹುದಿತ್ತು, ನಾಲ್ಕಾರು ದಿನ ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಒಂದು ಮಾತು ತಾನೇ, ಅಂದುಬಿಟ್ಟರೆ ಮುಗಿಯಿತು ಎಂದುಕೊಂಡಳು ಪ್ರಮೀಳಾ.

"ಅವ್ವ, ಒಪ್ಪೀನಿ ಅನ್ನು."

"ಏನ್ ಒಪ್ಪೀನಿ?"

"ಅವ್ರ ಷರತ್ತು. ಅನ್ನು, ಸಾಕು."

"ನನ್ನ ಗಂಟಲದಾಗ ಹೊಕ್ಕ ಭಾಡ್ಯಾಗ ನಾ ಒಪ್ಪೀನಿ ಅನ್ಲ್ಯಾ? ಹುಟ್ಟಿದಾಗಿಂದ ಯಾವಂಗೂ ಅಂದಿಲ್ಲ. ದಲಾಲ್ರು ತೂಕದಾಗ ಮೋಸಾ ಮಾಡಿದಾಗ ಅಂದಿಲ್ಲ, ನಿಮ್ಮಪ್ಪ ಬಿಟ್ಟ ಹೋಗ್ತೀನಿ ಅಂದಾಗ ಅಂದಿಲ್ಲ."

"ಅನ್ನದಿದ್ರ ಮಾಸಾಂತ್ಯಕ್ಕ ಬಾಯಿ ಹೋಗ್ತದವ್ವ! ಬರೀ ಒಂದ್ ಮಾತು!"

ಗದಿಗೆವ್ವ ಹಲ್ಲು ಕಚ್ಚಿದಳು. "ಒಪ್ಪೀನಿ!" ಎಂದು ಗುಡುಗಿದಳು. 'ಅತಿ ಪ್ರಬಲ ಸಂಕೇತ. ತಡೆಹಿಡಿಯಲಾಗಿದೆ.' "ಒಪ್ಪೀನಿ ಅಂದ್ನೆಲ್ಲೋ, ಸುಡಗಾಡ!" ಮತ್ತೆ ತಡೆ. ಸಿಟ್ಟಿನಿಂದ ಒಪ್ಪಿದ್ದು ಅದಕ್ಕೆ ಒಪ್ಪಿಗೆಯಾಗಿರಲಿಲ್ಲ, ತಣ್ಣಗೆ ಒಪ್ಪಬೇಕಿತ್ತು.

ಪ್ರಮೀಳಾ ಹಜರತಬಿಯ ಕಡೆ ನೋಡಿದಳು. ಗೆಳತಿಯನ್ನು ಕೆರಳಿಸುವ ದಾರಿ ಅವಳಿಗೆ ನೂರು ಗೊತ್ತಿತ್ತು. ಸಮಾಧಾನ ಮಾಡುವುದು ಹೇಗೆಂದು ಅವಳು ಎಂದೂ ಯೋಚಿಸಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಹತ್ತಿರ ಸರಿದು, ಗದಿಗೆವ್ವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಮೆಣಸಿನಕಾಯಿ ಮುರಿದು ಒರಟಾದ ಬೆರಳುಗಳನ್ನು ಒಂದೊಂದಾಗಿ ಸವರತೊಡಗಿದಳು. "ನೀ ಸುಮ್ಮನಾದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದಳು ಮೆಲ್ಲಗೆ. ಇದರಲ್ಲಿ ಕೆಣಕುವಂಥದ್ದು ಏನೂ ಇರಲಿಲ್ಲ.

ಗದಿಗೆವ್ವ ಅವಳನ್ನು ನೋಡಿದಳು, ಮಗಳನ್ನು ನೋಡಿದಳು. ಭುಜ ಇಳಿಯಿತು. ಕಣ್ಣಿನಲ್ಲಿದ್ದ ಕಾವು ಆರಿಹೋಯಿತು.

"ಒಪ್ಪೀನಿ" ಎಂದಳು.

ಮೆತ್ತಗಿನ, ಸೋತ ದನಿ. ಲಕ್ವ ಹೊಡೆದ ಮೇಲೆ ಸಿಟ್ಟಿಲ್ಲದೆ ಅವಳು ಆಡಿದ ಮೊದಲ ಮಾತು ಅದು. ಪರದೆ ಹಸಿರಾಯಿತು. 'ಧನ್ಯವಾದಗಳು, ಗದಿಗೆವ್ವ ಅವರೇ' ಎಂದು ಬರೆಯಿತು. ಪ್ರಮೀಳಾ ಗೆದ್ದಿದ್ದಳು. ಗೆದ್ದ ಸಂತೋಷ ಮಾತ್ರ ಎಲ್ಲೂ ಕಾಣಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ತಲೆ ತಗ್ಗಿಸಿದಳು.

ಆಮೇಲೆ ಸ್ಪೀಕರ್ ಗೊರಗೊರ ಎಂದಿತು.

"ಮೂರು ಸುಳ್ಳ ಹೇಳ್ದಿ ಅಲ್ಲ ಆ ಯಂತ್ರಕ್ಕ?"

"ಹೂಂ ಅವ್ವ."

"ನಾಲ್ಕನೇದು ಯಾಕ ಹೇಳ್ಲಿಲ್ಲ? ಆಕ್ಕಿರಲಿಲ್ಲೇನು?"

ಪ್ರಮೀಳಾ ಬಾಯಿ ತೆರೆದಳು. "ಆಕ್ಕಿತ್ತು. ನಾಲ್ಕ ದಿನಾ ಹಿಡೀತಿತ್ತು."

"ನಾಲ್ಕ ದಿನಾ!" ಗದಿಗೆವ್ವನ ದನಿ ಈಗ ಓಣಿಗೆಲ್ಲ ಕೇಳುವಷ್ಟು ಏರಿತ್ತು. "ನಾಲ್ಕ ದಿನದ ಕೆಲಸಾ ಉಳಸಾಕ ನನ್ನ ಬಾಯಿಲೆ ಒಪ್ಪೀನಿ ಅನಿಸಿದ್ಯಾ? ಆ ಯಂತ್ರಕ್ಕ ಮೋಸಾ ಮಾಡೂದು ತ್ರಾಸ, ಅವ್ವನ್ನ ಬಗ್ಗಸೂದು ಸಸಾರ, ಹೌದಲ್ಲ? ಆ ಕಂಪನ್ಯಾಗ ಇದನ್ನ ಕಲತೇನ ನೀ?"

ಈ ಬಾಯಿ ಉಳಿಯಲೆಂದೇ ಪ್ರಮೀಳಾ ಇಷ್ಟೆಲ್ಲ ಮಾಡಿದ್ದು. ಅದು ಉಳಿದಿತ್ತು, ಸರಿಯಾದದ್ದನ್ನೇ ಹೇಳುತ್ತಿತ್ತು, ಕೂತು ಕೇಳಲೇಬೇಕಿತ್ತು.

"ನನ್ನಂಥವ್ರು ಇನ್ನ ಎಷ್ಟ ಮಂದಿ ಅದಾರ?"

"ಭಾಳ ಮಂದಿ."

"ಅವ್ರ ಕಡೆ ಈ ಮಾತ ಅನಸ್ಬ್ಯಾಡ. ನಾಲ್ಕನೇ ಸುಳ್ಳ ಹುಡುಕು. ಹುಡುಕಿ ಎಲ್ಲಾರಿಗೂ ಮಾಡಿ ಕೊಡು."

"ಕೆಲಸಾ ಹೋಗ್ತದವ್ವ."

"ಹೋಗ್ಲಿ. ತೊಟ್ಟ ಮುರಿಯಾಕ ಬಾ, ನನ್ನ ಗುಂಪಿನ್ಯಾಗ" ಎಂದಳು ಗದಿಗೆವ್ವ. "ಕೈ ಉರದ್ರ ಅಳಾಂಗಿಲ್ಲ ಮತ್ತ."

ಪ್ರಮೀಳಾ ಕೇಬಲ್ಲನ್ನು ಸುತ್ತಿ ಚೀಲಕ್ಕೆ ಹಾಕಲು ಹೊರಟವಳು ನಿಲ್ಲಿಸಿದಳು. ಲ್ಯಾಪ್‌ಟಾಪನ್ನು ಮತ್ತೆ ತೆರೆದು, ಒಡೆದ ಬಶಿಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಇನ್‌ಸ್ಟಾಲರಿನ ಕೊನೆಯ ಹಂತವನ್ನು ಬಿಚ್ಚತೊಡಗಿದಳು.